ಸೈನಿಕರ ಜಮೀನಿನ ಕೇಸಿಗೆ ಮಿಲಿಟರಿ ಬರುತ್ತದೆಯೇ? ಮಾಡದಕೆರೆಯ ಗ್ರೂಪಿಗೆ ಬಂದ ಫಾರ್ವರ್ಡ್‌ನಲ್ಲಿ ನಿಜವೆಷ್ಟು, ಸುಳ್ಳೆಷ್ಟು

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ನನ್ನ ಅಮ್ಮನ ತವರು. ಅಲ್ಲಿರುವ ದೊಡ್ಡಮ್ಮ ಕಳೆದ ತಿಂಗಳು ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡಿದರು. "ಮಿಲ್ಟ್ರಿಯೋರು ಬರ್ತಾರಂತೆ ಕಣವ್ವ. ನಾವು ಇನ್ನ ಕೋರ್ಟಿಗೆ ಹೋಗಂಗೇ ಇಲ್ವಂತೆ. ಕೇಸು ಬಿಟ್ಟುಬಿಡನ ಅಂತ ಮಾಡಿದೀನಿ" ಎಂದರು.

ದೊಡ್ಡಮ್ಮನ ತೆಂಗಿನ ತೋಟಕ್ಕೂ ಪಕ್ಕದವರ ಹೊಲಕ್ಕೂ ನಡುವಿನ ಬದುವಿನ ಬಗ್ಗೆ ಹೊಸದುರ್ಗದ ಸಿವಿಲ್ ಕೋರ್ಟ್‌ನಲ್ಲಿ ದಾವೆ ನಡೆಯುತ್ತಿದೆ. ಪಕ್ಕದ ಹೊಲದ ಪಹಣಿಯಲ್ಲಿ ತಂದೆಯ ಜೊತೆ ಸೇನೆಯಲ್ಲಿರುವ ಮಗನ ಹೆಸರೂ ಇದೆ. ಊರಿನ ವಾಟ್ಸಾಪ್ ಗ್ರೂಪಿಗೆ ಬಂದಿದ್ದ ಫಾರ್ವರ್ಡ್ ಹೀಗಿತ್ತು:

"ಎಲ್ಲರೂ ಗಮನಿಸಿ! ಸೈನಿಕರ ಜಮೀನಿನ ಮೇಲೆ ಕೇಸು ಹಾಕುವಂತಿಲ್ಲ. ಹಾಕಿದರೆ ಸಿವಿಲ್ ಕೋರ್ಟ್ ಕೇಸನ್ನು ಮಿಲಿಟರಿ ಕೋರ್ಟ್‌ಗೆ ವರ್ಗಾಯಿಸಬೇಕು. ಸೇನೆಯ ಪತ್ರ ಬಂದರೆ ತಹಶೀಲ್ದಾರ್ 24 ಗಂಟೆಯಲ್ಲಿ ಜಮೀನು ಬಿಡಿಸಿಕೊಡಬೇಕು. ಸೈನಿಕರನ್ನು ಯಾವ ಕೋರ್ಟೂ ಕರೆಯುವಂತಿಲ್ಲ. ಜೈ ಜವಾನ್. ಹತ್ತು ಗ್ರೂಪಿಗೆ ಕಳಿಸಿ."

ಈ ಸಂದೇಶದಲ್ಲಿ ನಾಲ್ಕು ಮಾತುಗಳಿವೆ. ನಾಲ್ಕೂ ತಪ್ಪು. ಆದರೆ ಪ್ರತಿಯೊಂದರ ಹಿಂದೆಯೂ ಒಂದೊಂದು ನಿಜವಾದ ಕಾನೂನಿನ ಚೂರು ಇದೆ, ಜನ ನಂಬುವುದೂ ಅದಕ್ಕೇ. ಒಂದೊಂದಾಗಿ ನೋಡೋಣ.

ಮೊದಲ ಮಾತು: "ಸೈನಿಕರ ಮೇಲೆ ಕೇಸು ಹಾಕುವಂತಿಲ್ಲ"

ತಪ್ಪು. ಸೈನಿಕರ ಮೇಲೆ ಯಾರು ಬೇಕಾದರೂ ಸಿವಿಲ್ ದಾವೆ ಹೂಡಬಹುದು. ಸೈನಿಕರೂ ಬೇರೆಯವರ ಮೇಲೆ ಹೂಡಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ: 28ನೇ ಆದೇಶ, ಸೈನಿಕರು ಹೂಡುವ ಮತ್ತು ಸೈನಿಕರ ಮೇಲೆ ಹೂಡುವ ದಾವೆಗಳು. ದಾವೆ ಹೂಡುವುದೇ ನಿಷಿದ್ಧವಾಗಿದ್ದರೆ ಆ ಅಧ್ಯಾಯದ ಅಗತ್ಯವೇ ಇರುತ್ತಿರಲಿಲ್ಲ.

ಆ ಅಧ್ಯಾಯ ಏನು ಹೇಳುತ್ತದೆ? ಸೈನಿಕನಿಗೆ ರಜೆ ಸಿಗದಿದ್ದರೆ ತನ್ನ ಪರವಾಗಿ ದಾವೆ ನಡೆಸಲು ಅಪ್ಪನಿಗೋ ಅಣ್ಣನಿಗೋ ಬೇರೆ ಯಾರಿಗೋ ಬರವಣಿಗೆಯಲ್ಲಿ ಅಧಿಕಾರ ಕೊಡಬಹುದು. ಆ ಪತ್ರಕ್ಕೆ ಕಮಾಂಡಿಂಗ್ ಅಧಿಕಾರಿಯ ಎದುರು ಸಹಿ ಹಾಕಬೇಕು. ಅಧಿಕಾರ ಪಡೆದವರು ತಾವೇ ಕೋರ್ಟಿಗೆ ಹಾಜರಾಗಬಹುದು, ವಕೀಲರನ್ನೂ ನೇಮಿಸಬಹುದು.

ಹಾಗಾದರೆ ವದಂತಿ ಎಲ್ಲಿಂದ ಬಂತು? ಸೇನಾ ಕಾಯ್ದೆ, 1950ರ 28 ಮತ್ತು 29ನೇ ಕಲಮುಗಳಿಂದ ಇರಬಹುದು. ಸಿವಿಲ್ ಕೋರ್ಟಿನ ಡಿಕ್ರಿಯನ್ನು ವಸೂಲಿ ಮಾಡಲು ಸೈನಿಕನ ಸಂಬಳ, ಭತ್ಯೆ, ಆಯುಧ, ಸಮವಸ್ತ್ರಗಳನ್ನು ಜಪ್ತಿ ಮಾಡುವಂತಿಲ್ಲ. ಸಾಲಕ್ಕಾಗಿ ಸಿವಿಲ್ ಕೋರ್ಟ್ ಅವನನ್ನು ಬಂಧಿಸುವಂತಿಲ್ಲ. ಇಷ್ಟು ನಿಜ. ಆದರೆ ಈ ಪಟ್ಟಿಯಲ್ಲಿ ಜಮೀನು ಇಲ್ಲ. ಹೊಲ, ತೋಟ, ಮನೆಯ ಹಕ್ಕು ಯಾರದು ಎಂಬುದನ್ನು ಎಲ್ಲರ ವಿಷಯದಲ್ಲಿ ತೀರ್ಮಾನಿಸುವಂತೆಯೇ ಸೈನಿಕನ ವಿಷಯದಲ್ಲೂ ಸಿವಿಲ್ ಕೋರ್ಟೇ ತೀರ್ಮಾನಿಸುತ್ತದೆ.

ಎರಡನೆಯ ಮಾತು: "ಕೇಸು ಮಿಲಿಟರಿ ಕೋರ್ಟ್‌ಗೆ ಹೋಗುತ್ತದೆ"

ತಪ್ಪು. 'ಮಿಲಿಟರಿ ಕೋರ್ಟ್' ಎಂದು ಜನ ಕರೆಯುವುದು ಕೋರ್ಟ್ ಮಾರ್ಷಲ್ ಅನ್ನು. ಅದು ಸೇನಾ ಕಾಯ್ದೆಗೆ ಒಳಪಟ್ಟವರ ಅಪರಾಧಗಳನ್ನು ವಿಚಾರಿಸುವ ವ್ಯವಸ್ಥೆ: ಅನುಮತಿ ಇಲ್ಲದೆ ಗೈರಾಗುವುದು, ಮೇಲಧಿಕಾರಿಯ ಆಜ್ಞೆ ಮೀರುವುದು, ಕಾವಲಿನಲ್ಲಿ ನಿದ್ದೆ ಮಾಡುವುದು ಇತ್ಯಾದಿ. ಬದು ಯಾರದು, ಪಾಲು ಎಷ್ಟು, ಕ್ರಯಪತ್ರ ಸರಿಯೇ ಎಂಬ ಪ್ರಶ್ನೆಗಳನ್ನು ಕೋರ್ಟ್ ಮಾರ್ಷಲ್ ಮುಟ್ಟುವುದೇ ಇಲ್ಲ. ಮುಟ್ಟುವ ಅಧಿಕಾರವೂ ಅದಕ್ಕಿಲ್ಲ. ಮಾಡದಕೆರೆಯ ದೊಡ್ಡಮ್ಮನಂಥ ನಾಗರಿಕರನ್ನು ಅದರ ಮುಂದೆ ನಿಲ್ಲಿಸುವುದಂತೂ ಸಾಧ್ಯವೇ ಇಲ್ಲ.

ಅಪರಾಧ ಪ್ರಕರಣಗಳಲ್ಲೂ ಸೇನೆಯ ಅಧಿಕಾರಕ್ಕೆ ಗಡಿ ಇದೆ. ಸೇನಾ ಕಾಯ್ದೆಯ 70ನೇ ಕಲಮಿನ ಪ್ರಕಾರ, ಸೈನಿಕನೊಬ್ಬ ನಾಗರಿಕನನ್ನು ಕೊಲೆ ಮಾಡಿದರೆ ಅಥವಾ ನಾಗರಿಕ ಮಹಿಳೆಯ ಮೇಲೆ ಅತ್ಯಾಚಾರ ಎಸಗಿದರೆ, ವಿಚಾರಣೆ ನಡೆಯಬೇಕಾದದ್ದು ಮಾಮೂಲಿ ಕ್ರಿಮಿನಲ್ ಕೋರ್ಟಿನಲ್ಲಿ. ಯುದ್ಧರಂಗದಂಥ 'ಸಕ್ರಿಯ ಸೇವೆ', ವಿದೇಶದಲ್ಲಿನ ಸೇವೆ, ಸರ್ಕಾರ ಗುರುತಿಸಿದ ಗಡಿ ಠಾಣೆ ಇವಷ್ಟೇ ಇದಕ್ಕೆ ಹೊರತು. ಉಳಿದ ಕೆಲವು ಅಪರಾಧಗಳನ್ನು ಎರಡೂ ಕೋರ್ಟುಗಳು ವಿಚಾರಿಸಬಹುದು. ಅಂಥ ಕಡೆ ಕೋರ್ಟ್ ಮಾರ್ಷಲ್ ನಡೆಸಬೇಕೇ ಎಂದು ಮೊದಲು ಸೇನಾಧಿಕಾರಿ ತೀರ್ಮಾನಿಸಬಹುದು. ಕ್ರಿಮಿನಲ್ ಕೋರ್ಟಿಗೆ ಅದು ಸರಿ ಕಾಣದಿದ್ದರೆ ಆರೋಪಿಯನ್ನು ಒಪ್ಪಿಸುವಂತೆ ನೋಟಿಸ್ ಕೊಡಬಹುದು. ಸೇನಾಧಿಕಾರಿ ಒಪ್ಪದಿದ್ದರೆ ವಿಷಯ ಕೇಂದ್ರ ಸರ್ಕಾರದ ಮುಂದೆ ಹೋಗುತ್ತದೆ. ಕೊನೆಯ ಮಾತು ಸೇನೆಯದಲ್ಲ.

ಇದಕ್ಕೆ ಪ್ರಸಿದ್ಧ ಉದಾಹರಣೆ ನಾನಾವತಿ ಪ್ರಕರಣ. ನೌಕಾಪಡೆಯ ಕಮಾಂಡರ್ ಕೆ.ಎಂ. ನಾನಾವತಿ 1959ರ ಏಪ್ರಿಲ್ 27ರಂದು ಮುಂಬೈಯಲ್ಲಿ ಒಬ್ಬ ನಾಗರಿಕನನ್ನು ಗುಂಡಿಕ್ಕಿ ಕೊಂದರು. ವಿಚಾರಣೆ ನಡೆದದ್ದು ಸೆಷನ್ಸ್ ಕೋರ್ಟಿನಲ್ಲಿ, ಜೂರಿಯ ಎದುರು. 1960ರ ಮಾರ್ಚ್ 11ರಂದು ಬಾಂಬೆ ಹೈಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟಿತು. ಅದೇ ದಿನ ರಾಜ್ಯಪಾಲರು ಶಿಕ್ಷೆಯನ್ನು ತಡೆದು, ಸುಪ್ರೀಂ ಕೋರ್ಟ್ ಮೇಲ್ಮನವಿ ಮುಗಿಯುವವರೆಗೆ ನಾನಾವತಿ ನೌಕಾಪಡೆಯ ವಶದಲ್ಲೇ ಇರಲಿ ಎಂದು ಆದೇಶಿಸಿದರು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ವಿಷಯ ತನ್ನ ಮುಂದಿರುವಾಗ ರಾಜ್ಯಪಾಲರ ಆ ಆದೇಶ ನಡೆಯುವುದಿಲ್ಲ ಎಂದು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೇಳಿತು. 1961ರ ನವೆಂಬರಿನಲ್ಲಿ ಶಿಕ್ಷೆಯನ್ನೂ ಎತ್ತಿಹಿಡಿಯಿತು. ಪದಕ, ಹುದ್ದೆ, ಜನಪ್ರಿಯತೆ ಎಲ್ಲವೂ ಇದ್ದ ಅಧಿಕಾರಿಗೂ ಕೋರ್ಟ್ ಒಂದೇ ಆಗಿತ್ತು.

ಮೂರನೆಯ ಮಾತು: "ಸೇನೆಯ ಪತ್ರ ಬಂದರೆ ತಹಶೀಲ್ದಾರ್ ಜಮೀನು ಬಿಡಿಸಿಕೊಡಬೇಕು"

ತಪ್ಪು. ಪತ್ರ ಬರುವುದು ಮಾತ್ರ ನಿಜ. ಊರಿನಲ್ಲಿ ತೊಂದರೆ ಇದೆ ಎಂದು ಸೈನಿಕ ತನ್ನ ಘಟಕದಲ್ಲಿ ಹೇಳಿಕೊಂಡರೆ, ಕಮಾಂಡಿಂಗ್ ಅಧಿಕಾರಿ ಜಿಲ್ಲಾಧಿಕಾರಿಗೋ ಎಸ್‌ಪಿಗೋ ಪತ್ರ ಬರೆಯುವ ರೂಢಿ ಇದೆ. ಅದು ತಾಲ್ಲೂಕು ಕಚೇರಿಗೆ ಇಳಿದು ಬರುತ್ತದೆ. ಸಾವಿರಾರು ಕಿಲೋಮೀಟರ್ ದೂರದಲ್ಲಿ ಕಾವಲಿರುವವನ ಅಹವಾಲು ಕಡತಗಳ ಅಡಿಯಲ್ಲಿ ಕೊಳೆಯಬಾರದು ಎಂಬುದು ಅದರ ಉದ್ದೇಶ. ಒಳ್ಳೆಯ ರೂಢಿಯೇ.

ಆದರೆ ಆ ಪತ್ರ ಒಂದು ಕೋರಿಕೆ, ಆದೇಶವಲ್ಲ. ಅದನ್ನು ನೋಡಿ ತಹಶೀಲ್ದಾರರು ಅರ್ಜಿಯನ್ನು ಬೇಗ ಕೈಗೆತ್ತಿಕೊಳ್ಳಬಹುದು, ಹದ್ದುಬಸ್ತಿಗೆ ಸರ್ವೇಯರನ್ನು ಬೇಗ ಕಳಿಸಬಹುದು. ಕೋರ್ಟಿನಲ್ಲಿರುವ ಜಮೀನನ್ನು ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡುವಂತಿಲ್ಲ. ಡಿಕ್ರಿಯಾದ ಮೇಲೂ ಅದನ್ನು ಜಾರಿ ಮಾಡುವುದು ಕೋರ್ಟಿನ ಅಮೀನರು, ಬೇಕಾದರೆ ಪೊಲೀಸರ ನೆರವಿನಿಂದ. ಅಲ್ಲಿ ಸೇನೆಗೆ ಕೆಲಸವಿಲ್ಲ.

ಹಾಗಾದರೆ ಸೇನೆ ಊರೊಳಗೆ ಬರುವುದೇ ಇಲ್ಲವೇ? ಬರುತ್ತದೆ, ನಾಗರಿಕ ಆಡಳಿತ ಕರೆದಾಗ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಸೇನೆ ಬಂದು ಜನರನ್ನು ಕಾಪಾಡಿತು. ಗಲಭೆ ಪೊಲೀಸರ ಕೈ ಮೀರಿದರೂ ಸೇನೆಯನ್ನು ಕರೆಯಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 149ನೇ ಕಲಮು ಅದರ ವಿಧಾನ ಹೇಳುತ್ತದೆ: ಕರೆಯಬೇಕಾದವರು ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್. ಸೇನಾಧಿಕಾರಿ ಆ ಕೋರಿಕೆಯನ್ನು ಪಾಲಿಸಬೇಕು. ಆದಷ್ಟು ಕಡಿಮೆ ಬಲ ಬಳಸಬೇಕು, ಜನರಿಗೂ ಆಸ್ತಿಗೂ ಆದಷ್ಟು ಕಡಿಮೆ ಹಾನಿ ಮಾಡಬೇಕು. ಮ್ಯಾಜಿಸ್ಟ್ರೇಟರನ್ನು ಸಂಪರ್ಕಿಸಲು ಆಗದಷ್ಟು ತುರ್ತಿದ್ದರೆ ಅಧಿಕಾರಿ ತಾನೇ ಮುಂದುವರಿಯಬಹುದು. ಆದರೆ ಸಂಪರ್ಕ ಸಿಕ್ಕ ಕೂಡಲೇ ಮ್ಯಾಜಿಸ್ಟ್ರೇಟರ ಮಾತು ಕೇಳಬೇಕು. ಗಲಭೆಯಲ್ಲಿ ಹಿಡಿದವರಿಗೆ ಶಿಕ್ಷೆ ಕೊಡುವುದೂ ಸೇನೆಯಲ್ಲ, ಕೋರ್ಟ್.

ನಾಲ್ಕನೆಯ ಮಾತು: "ಸೈನಿಕರನ್ನು ಯಾವ ಕೋರ್ಟೂ ಕರೆಯುವಂತಿಲ್ಲ"

ತಪ್ಪು. ಕರೆಯಬಹುದು, ಕರೆಯುವ ದಾರಿ ಬೇರೆ ಅಷ್ಟೆ. ಸೈನಿಕನಿಗೆ ಸಿವಿಲ್ ಸಮನ್ಸ್ ಕೊಡಬೇಕಾದರೆ ಕೋರ್ಟ್ ಅದನ್ನು ಅವನ ಕಮಾಂಡಿಂಗ್ ಅಧಿಕಾರಿಗೆ ಕಳಿಸುತ್ತದೆ. ಅವರ ಮೂಲಕ ಅದು ಸೈನಿಕನ ಕೈ ಸೇರುತ್ತದೆ. ಊರಿನ ಮನೆಯ ಬಾಗಿಲಿಗೆ ಅಂಟಿಸಿ 'ತಲುಪಿತು' ಎಂದರೆ ಸಾಲದು ಎಂಬ ಕಾಳಜಿ ಇದರಲ್ಲಿದೆ.

ಬಂಧನದ ವಿಷಯದಲ್ಲೂ ಒಂದು ರಕ್ಷಣೆ ಇದೆ. ಸೈನಿಕ ತನ್ನ ಅಧಿಕೃತ ಕರ್ತವ್ಯದಲ್ಲಿ ಮಾಡಿದ ಕೆಲಸಕ್ಕಾಗಿ ಅವನನ್ನು ಬಂಧಿಸಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಇಲ್ಲಿ 'ಕರ್ತವ್ಯದಲ್ಲಿ' ಎಂಬುದು ಮುಖ್ಯ ಪದ. ರಜೆಗೆ ಬಂದವನು ಊರಿನಲ್ಲಿ ಬದುವಿನ ಜಗಳಕ್ಕೆ ಕೈ ಮಾಡಿದರೆ ಅದು ಕರ್ತವ್ಯವಲ್ಲ.

ಗಲಭೆಪೀಡಿತ ಪ್ರದೇಶಗಳಲ್ಲಿ ಜಾರಿಯಾಗುವ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ ಹೆಸರನ್ನೂ ಕೆಲವು ಫಾರ್ವರ್ಡ್‌ಗಳು ಎಳೆದು ತರುತ್ತವೆ. ಆ ಕಾಯ್ದೆ ಕರ್ನಾಟಕದಲ್ಲಿ ಜಾರಿಯಲ್ಲಿಲ್ಲ. ಅದು ಜಾರಿಯಲ್ಲಿದ್ದ ಮಣಿಪುರದ ಪ್ರಕರಣದಲ್ಲೇ, 2016ರ ಜುಲೈ 8ರಂದು, ಅಪರಾಧ ನಡೆದಿದ್ದರೆ ಸೇನಾ ಸಿಬ್ಬಂದಿಗೆ ಕ್ರಿಮಿನಲ್ ಕೋರ್ಟಿನ ವಿಚಾರಣೆಯಿಂದ ಸಾರಾಸಗಟು ವಿನಾಯಿತಿ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ಸೈನಿಕರಷ್ಟೇ ಅಲ್ಲ, ರಕ್ಷಣಾ ಇಲಾಖೆಯ ಸಂಸ್ಥೆಗಳೂ ಉತ್ತರ ಕೊಡಬೇಕು. ದೂರ ಹೋಗಬೇಕಿಲ್ಲ, ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯನ್ನೇ ನೋಡಿ. ಅಲ್ಲಿನ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲನ್ನು ಡಿಆರ್‌ಡಿಒ ಸೇರಿ ಹಲವು ಸಂಸ್ಥೆಗಳಿಗೆ ಕೊಟ್ಟಾಗ, ದನ ಕುರಿ ಮೇಯಿಸುವವರ ಪರವಾಗಿ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಯೋಜನೆಗಳು ರದ್ದಾಗಲಿಲ್ಲ. ಆದರೆ 'ಇದು ದೇಶದ ರಕ್ಷಣೆಯ ಕೆಲಸ, ನೀವು ಕೇಳುವಂತಿಲ್ಲ' ಎಂದು ಯಾರೂ ಬಾಗಿಲು ಹಾಕಿಕೊಳ್ಳಲು ಆಗಲಿಲ್ಲ. ಕುರಿ ಮೇಯಿಸುವವರ ಪ್ರಶ್ನೆಗೂ ನ್ಯಾಯಮಂಡಳಿಯಲ್ಲಿ ಉತ್ತರ ಕೊಡಬೇಕಾಯಿತು.

ಈ ಗಡಿ ಯಾಕೆ ಬೇಕು? ಸೊಲ್ಲಾಪುರವನ್ನು ಕೇಳಿ

'ಮಿಲಿಟರಿಯವರ ಕೈಗೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ' ಎಂಬ ಮಾತನ್ನು ಬಸ್ ಸ್ಟ್ಯಾಂಡಿನಲ್ಲೂ ಟೀ ಅಂಗಡಿಯಲ್ಲೂ ಕೇಳುತ್ತೇವೆ. ಹಾಗೆ ಕೊಟ್ಟ ಒಂದು ಊರು ನಮ್ಮ ಗಡಿಯಲ್ಲೇ ಇದೆ. ಕನ್ನಡಿಗರು ಬಹಳ ಸಂಖ್ಯೆಯಲ್ಲಿರುವ ಸೊಲ್ಲಾಪುರದಲ್ಲಿ 1930ರ ಮೇ ತಿಂಗಳಲ್ಲಿ, ಗಾಂಧೀಜಿಯವರ ಬಂಧನದ ನಂತರ ನಡೆದ ಚಳವಳಿಯನ್ನು ಹತ್ತಿಕ್ಕಲು ಬ್ರಿಟಿಷರು ಸೇನಾಡಳಿತ ಘೋಷಿಸಿದರು. ಜೂನ್ ಕೊನೆಯವರೆಗೆ ಅದು ನಡೆಯಿತು. ರಾಷ್ಟ್ರಧ್ವಜ ಹಾರಿಸುವುದೂ ಅಪರಾಧವಾಯಿತು. ಸೇನಾ ಕೋರ್ಟುಗಳು ನಾಗರಿಕರಿಗೆ ಶಿಕ್ಷೆ ಕೊಟ್ಟವು. ಶಿಕ್ಷೆಯಾದವರ ಅರ್ಜಿಗಳು ಕೊನೆಗೆ ಬಂದು ನಿಂತದ್ದು ಬಾಂಬೆ ಹೈಕೋರ್ಟಿನ ಎದುರು.

ಸ್ವತಂತ್ರ ಭಾರತದ ಸಂವಿಧಾನ ಬರೆದವರಿಗೆ ಇಂಥ ನೆನಪುಗಳು ಹಸಿಯಾಗಿದ್ದವು. 34ನೇ ವಿಧಿಯಲ್ಲಿ 'ಸೇನಾ ಕಾನೂನು' ಎಂಬ ಪದ ಇದೆ ನಿಜ. ಆದರೆ ಸಂವಿಧಾನ ಜಾರಿಗೆ ಬಂದ ಮೇಲೆ ದೇಶದಲ್ಲಿ ಎಲ್ಲಿಯೂ ಅದನ್ನು ಘೋಷಿಸಿಲ್ಲ. 1975ರ ತುರ್ತು ಪರಿಸ್ಥಿತಿಯಲ್ಲೂ ಕೋರ್ಟುಗಳನ್ನು ಸೇನೆಯ ಕೈಗೆ ಕೊಡಲಿಲ್ಲ.

ಇದು ಸೇನೆಗೆ ಅವಮಾನ ಮಾಡುವ ಮಾತಲ್ಲ. ಶತ್ರುವನ್ನು ಎದುರಿಸಲು ಬೇಕಾದದ್ದು ಆಜ್ಞೆ, ತಕ್ಷಣದ ವಿಧೇಯತೆ. ಬದುವಿನ ವ್ಯಾಜ್ಯ ತೀರಿಸಲು ಬೇಕಾದದ್ದು ಇಬ್ಬರ ಮಾತನ್ನೂ ಕೇಳುವ ತಾಳ್ಮೆ, ದಾಖಲೆ, ಮೇಲ್ಮನವಿಯ ದಾರಿ. ಎರಡೂ ಬೇರೆ ಬೇರೆ ಕೆಲಸ.

ಫಾರ್ವರ್ಡ್‌ನಿಂದ ಸೈನಿಕನ ಮನೆಗೂ ನಷ್ಟ

ನನಗೆ ನಿಜವಾಗಿ ಬೇಸರವಾದದ್ದು ಇಲ್ಲಿ. ಹೋದ ಭಾನುವಾರ ಊರಿಗೆ ಹೋದಾಗ ಪಕ್ಕದ ಮನೆಯ ಅಕ್ಕನನ್ನೂ ಮಾತನಾಡಿಸಿದೆ. ಅವರಿಗೂ ಅದೇ ಫಾರ್ವರ್ಡ್ ಬಂದಿತ್ತು. "ನಮ್ಮ ಹುಡುಗ ಮಿಲ್ಟ್ರಿಲಿದಾನೆ, ಕೇಸು ತಾನಾಗೇ ಬಿದ್ದೋಗುತ್ತೆ ಅಂದ್ರು. ಅದಕ್ಕೇ ವಕೀಲರ ಹತ್ರ ಹೋಗಿಲ್ಲ" ಎಂದರು. ಮಗನಿಂದ ಅಧಿಕಾರ ಪತ್ರ ತರಿಸಿರಲಿಲ್ಲ. ಮಗ ಎಲ್ಲಿ ಕೆಲಸದಲ್ಲಿದ್ದಾನೆ ಎಂದು ಕೋರ್ಟಿಗೆ ತಿಳಿಸಿರಲಿಲ್ಲ.

ಒಂದೇ ಸುಳ್ಳು ನಮ್ಮ ದೊಡ್ಡಮ್ಮನನ್ನು ಹೆದರಿಸಿತ್ತು, ಅವರನ್ನು ಮೈಮರೆಸಿತ್ತು. ಸೈನಿಕರಿಗೆ ಕಾನೂನು ನಿಜವಾಗಿ ಕೊಟ್ಟಿರುವ ಸೌಲಭ್ಯಗಳು ಆ ಮನೆಗೆ ಗೊತ್ತೇ ಇರಲಿಲ್ಲ. ಅವು ಇಲ್ಲಿವೆ:

• ರಜೆಯ ಆದ್ಯತೆ: ದಾವೆ ನಡೆಸಲು ರಜೆ ಪಡೆದಿದ್ದಾನೆ ಅಥವಾ ಕೇಳಿದ್ದಾನೆ ಎಂಬ ಪ್ರಮಾಣಪತ್ರವನ್ನು ಸೇನೆಯಿಂದ ತಂದು ಅರ್ಜಿ ಕೊಟ್ಟರೆ, ಸಾಧ್ಯವಾದ ಮಟ್ಟಿಗೆ ಆ ರಜೆಯೊಳಗೇ ವಿಚಾರಣೆ ಮುಗಿಸಲು ಕೋರ್ಟ್ ಪ್ರಯತ್ನಿಸಬೇಕು. ಇದು ಸೇನಾ ಕಾಯ್ದೆಯ 32ನೇ ಕಲಮು.

• ಮುಂದೂಡಿಕೆ: ಭಾರತೀಯ ಸೈನಿಕರ (ವ್ಯಾಜ್ಯ) ಕಾಯ್ದೆ 1925ರಿಂದಲೂ ಇದೆ. ಯುದ್ಧ, ವಿದೇಶ ಸೇವೆ ಮೊದಲಾದ 'ವಿಶೇಷ ಪರಿಸ್ಥಿತಿ'ಯಲ್ಲಿರುವ ಸೈನಿಕನ ಪರವಾಗಿ ಕೋರ್ಟಿನಲ್ಲಿ ಯಾರೂ ಇಲ್ಲದಿದ್ದರೆ, ಕೋರ್ಟ್ ಕಲಾಪ ನಿಲ್ಲಿಸಿ ಸೇನೆಯ ನಿಗದಿತ ಅಧಿಕಾರಿಗೆ ನೋಟಿಸ್ ಕೊಡುತ್ತದೆ. ಅವನು ಅಂಥ ಸೇವೆಯಲ್ಲಿದ್ದಾನೆ, ನ್ಯಾಯಕ್ಕಾಗಿ ಮುಂದೂಡಿಕೆ ಬೇಕು ಎಂದು ಆ ಅಧಿಕಾರಿ ಪ್ರಮಾಣೀಕರಿಸಿದರೆ ನಿಗದಿತ ಅವಧಿಗೆ ಮುಂದೂಡಬೇಕು. ಪ್ರಮಾಣಪತ್ರ ಬಾರದಿದ್ದರೆ ಮುಂದುವರಿಯಬಹುದು.

• ಡಿಕ್ರಿ ರದ್ದತಿಗೆ ಅರ್ಜಿ: ಅಂಥ ಸೇವೆಯಲ್ಲಿದ್ದಾಗ ಗೈರುಹಾಜರಿಯಲ್ಲಿ ಡಿಕ್ರಿಯಾಗಿದ್ದರೆ ಅದನ್ನು ರದ್ದುಪಡಿಸಲು ಕೋರಬಹುದು. ದಾವೆ ಹೂಡುವ ಗಡುವನ್ನು ಎಣಿಸುವಾಗಲೂ ಆ ಸೇವೆಯ ಅವಧಿಗೆ ವಿನಾಯಿತಿ ಇದೆ.

ಗಮನಿಸಿ: ಇವೆಲ್ಲ ಸಮಯಕ್ಕೆ ಸಂಬಂಧಿಸಿದವು. ಸೈನಿಕನ ಮಾತನ್ನು ಕೇಳದೆ ತೀರ್ಪು ಕೊಡಬಾರದು ಎಂಬುದಷ್ಟೇ ಕಾನೂನಿನ ಆಶಯ. ಗೆಲುವು ಯಾರದು ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಸೈನಿಕನ ಹೆಂಡತಿ ಮಕ್ಕಳಿಗೂ ಇಲ್ಲಿ ಒಂದು ಮಾತು: ಸಂಬಳ ಜಪ್ತಿ ಮಾಡುವಂತಿಲ್ಲ ಎಂದ ಮಾತ್ರಕ್ಕೆ ಜೀವನಾಂಶ ಇಲ್ಲವೆಂದಲ್ಲ. ಹೆಂಡತಿ ಮಕ್ಕಳ ಪೋಷಣೆಗೆ ಸೇನೆಯೇ ಅವನ ಸಂಬಳದಲ್ಲಿ ಹಿಡಿದು ಕೊಡುವ ಅವಕಾಶ ಸೇನಾ ಕಾಯ್ದೆಯಲ್ಲಿದೆ. ಕೌಟುಂಬಿಕ ನ್ಯಾಯಾಲಯದ ದಾರಿಯೂ ತೆರೆದಿದೆ.

ವಾಯಿದೆ ತಪ್ಪಿಸಿದರೆ ಏನಾಗುತ್ತದೆ?

ಇದೇ ಎಲ್ಲಕ್ಕಿಂತ ಮುಖ್ಯ. ದಾವೆ ಹೂಡಿದವರೂ ಇಲ್ಲ, ಅವರ ವಕೀಲರೂ ಇಲ್ಲ ಎಂದಾದರೆ ದಾವೆ ವಜಾ ಆಗಬಹುದು. ಎದುರಾಳಿ ಹಾಜರಿದ್ದಾಗ ಹೀಗೆ ವಜಾ ಆದರೆ ಅದೇ ಕಾರಣಕ್ಕೆ ಹೊಸ ದಾವೆ ಹೂಡುವಂತಿಲ್ಲ, ಹಳೆಯದನ್ನೇ ಮತ್ತೆ ತೆರೆಯಲು ಅರ್ಜಿ ಕೊಡಬೇಕು. ಪ್ರತಿವಾದಿ ಬಾರದಿದ್ದರೆ ಏಕಪಕ್ಷೀಯ ಡಿಕ್ರಿ ಆಗಬಹುದು. ಎರಡನ್ನೂ ಸರಿಪಡಿಸಿಕೊಳ್ಳಲು ಸಾಮಾನ್ಯವಾಗಿ ಇರುವ ಗಡುವು 30 ದಿನ. ಸಮನ್ಸ್ ಸರಿಯಾಗಿ ತಲುಪದಿದ್ದ ಪ್ರತಿವಾದಿಗೆ ಮಾತ್ರ ಡಿಕ್ರಿಯ ವಿಷಯ ತಿಳಿದ ದಿನದಿಂದ ಎಣಿಕೆ. ಗಡುವು ಮೀರಿದರೆ ತಡವಾದದ್ದಕ್ಕೆ ಸರಿಯಾದ ಕಾರಣ ತೋರಿಸಬೇಕು. 'ವಾಟ್ಸಾಪಿನಲ್ಲಿ ಹಾಗೆ ಬಂದಿತ್ತು ಸ್ವಾಮಿ' ಎಂಬುದನ್ನು ಯಾವ ನ್ಯಾಯಾಧೀಶರೂ ಸುಲಭವಾಗಿ ಒಪ್ಪುವುದಿಲ್ಲ.

ಆದ್ದರಿಂದ ಇಂಥ ಸಂದೇಶ ಬಂದರೆ ಹೀಗೆ ಮಾಡಿ:

1. ನಿಮ್ಮ ಕೇಸಿನ ಸ್ಥಿತಿಯನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೀವೇ ನೋಡಿ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಮುಂದಿನ ವಾಯಿದೆ ಯಾವಾಗ, ಯಾವ ಕೋರ್ಟ್ ಎಂಬುದು ಅಲ್ಲೇ ಸಿಗುತ್ತದೆ. ಕೇಸು 'ವರ್ಗಾವಣೆ' ಆಗಿದ್ದರೆ ಅದೂ ಅಲ್ಲಿ ಕಾಣುತ್ತದೆ.

2. ವಕೀಲರ ಖರ್ಚು ಕಷ್ಟವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ.

3. ಸೈನಿಕನ ಮನೆಯವರಾದರೆ ಘಟಕದಿಂದ ರಜೆಯ ಪ್ರಮಾಣಪತ್ರ, ಅಧಿಕಾರ ಪತ್ರ ತರಿಸಿ ವಕೀಲರಿಗೆ ಕೊಡಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲೂ ಮಾರ್ಗದರ್ಶನ ಕೇಳಬಹುದು.

4. ಸಮವಸ್ತ್ರ ಹಾಕಿಕೊಂಡ ಯಾರಾದರೂ ವಿಡಿಯೊ ಕಾಲ್ ಮಾಡಿ 'ಮಿಲಿಟರಿ ಕೋರ್ಟಿನಿಂದ ವಾರಂಟ್ ಇದೆ, ದುಡ್ಡು ಹಾಕಿ' ಎಂದರೆ ಅದು ವಂಚನೆ. ನಾಗರಿಕರಿಗೆ ಅಂಥ ವಾರಂಟ್ ಬರುವುದಿಲ್ಲ. ಕಾಲ್ ಕಟ್ ಮಾಡಿ 1930ಕ್ಕೆ ದೂರು ಕೊಡಿ.

ದೊಡ್ಡಮ್ಮನ ಸಾಕ್ಷಿಯ ವಾಯಿದೆ ಮುಂದಿನ ವಾರ ಇದೆ. ಹೋಗುತ್ತಾರೆ. ಪಕ್ಕದ ಮನೆಯ ಹುಡುಗ ಅಧಿಕಾರ ಪತ್ರಕ್ಕೆ ಸಹಿ ಹಾಕಿ ಅಂಚೆಗೆ ಕೊಟ್ಟಿದ್ದಾನಂತೆ. ಅವನ ಅಪ್ಪ ಈಗ ವಕೀಲರನ್ನು ನೋಡಿ ಬಂದಿದ್ದಾರೆ. ಬದು ಯಾರದು ಎಂದು ನನಗೆ ಗೊತ್ತಿಲ್ಲ. ಅದನ್ನು ಹೇಳಬೇಕಾದದ್ದು ಕೋರ್ಟ್, ಇಬ್ಬರ ಮಾತನ್ನೂ ಕೇಳಿದ ಮೇಲೆ.

ಗ್ರೂಪಿಗೆ ಏನಾದರೂ ಕಳಿಸಲೇಬೇಕು ಎನಿಸಿದರೆ ಇದನ್ನು ಕಳಿಸಿ: "ಸೈನಿಕರ ಜಮೀನಿನ ಕೇಸನ್ನೂ ಸಿವಿಲ್ ಕೋರ್ಟೇ ನೋಡುತ್ತದೆ. ಮಿಲಿಟರಿ ಕೋರ್ಟಿಗೆ ಹೋಗುವುದಿಲ್ಲ. ಸೈನಿಕರಿಗೆ ಕಾನೂನು ಸಮಯ ಕೊಡುತ್ತದೆ, ತೀರ್ಪು ಕೊಡುವುದು ಕೋರ್ಟ್. ಇಬ್ಬರೂ ವಾಯಿದೆ ತಪ್ಪಿಸಬೇಡಿ."